ಧೂಳಿನೊಳಗೊಂದು ಮರಿ

"ಇಳೀತೀಯೋ ಇಲ್ವೋ ಸ್ಟೂಲಿಂದ!" ಡ್ಯೂಟಿ ಮುಗಿಸಿ ಬಂದ ಬಸ್ ಡ್ರೈವರ್ ಬಾಗಿಲಲ್ಲೇ ನಿಂತು ಕೂಗಿದ. ಬಲ್ಬು ಬದಲಿಸುತ್ತಿದ್ದ ಹೆಂಡತಿ ಬೆಚ್ಚಿಬಿದ್ದಳು. ಆ ಮನೆಯಲ್ಲಿ ಬಲ್ಬಿನ ಖಾತೆ ಮೊದಲಿನಿಂದಲೂ ಅವಳದೇ. ಸ್ಟೂಲು ಹತ್ತಿದರೆ ಅವನಿಗೆ ತಲೆ ಸುತ್ತುತ್ತದೆ. ಅಂಥ ಮನುಷ್ಯ ಇವತ್ತು ಅವಳ ಕೈ ಹಿಡಿದು ಇಳಿಸಿ, ಕುರ್ಚಿಯಲ್ಲಿ ಕೂರಿಸಿ, ತಾನೇ ಹತ್ತಿ, ಕಣ್ಣು ಮುಚ್ಚಿಕೊಂಡು ಬಲ್ಬು ತಿರುಗಿಸಿದ.

ಬೆಳಗ್ಗೆ ಅವಳು ಗೆಳತಿಯೊಬ್ಬಳ ಜೊತೆ ಫೋನಿನಲ್ಲಿ ಪಿಸುಗುಟ್ಟುತ್ತಿದ್ದುದು ಅವನ ಕಿವಿಗೆ ಬಿದ್ದಿತ್ತು. "ಒಳಗೆ ಮರಿ ಇದೆ ಕಣೇ, ನನಗೇ ನಂಬಕ್ಕಾಗ್ತಿಲ್ಲ. ಖಚಿತ ಆಗೋ ತನಕ ಯಾರ ಹತ್ರಾನೂ ಬಾಯಿ ಬಿಡಬೇಡ." ಅಷ್ಟು ಸಾಕಾಯಿತು. ಆಮೇಲೆ ಬಸ್ಸು ಓಡಿಸಿದ್ದು ಅವನೋ ಬೇರೆ ಯಾರೋ! ರಸ್ತೆಯ ಒಂದೊಂದು ಉಬ್ಬನ್ನೂ ತೊಟ್ಟಿಲು ತೂಗಿದ ಹಾಗೆ ದಾಟಿಸಿದ. "ಏನಣ್ಣಾ, ಇವತ್ತು ಮೊಟ್ಟೆ ಲೋಡಾ?" ಎಂದು ಕಂಡಕ್ಟರ್ ಹಿಂದಿನಿಂದ ಕೆಣಕಿದ. ಅವನು ಹಲ್ಲು ಕಿರಿದನೇ ಹೊರತು ಗುಟ್ಟು ಬಿಟ್ಟುಕೊಡಲಿಲ್ಲ.

"ನನಗಾದ್ರೂ ಹೇಳಬಾರ್ದಿತ್ತಾ?" ಸ್ಟೂಲಿನಿಂದ ಇಳಿದವನು ಕೇಳಿದ.

"ಏನನ್ನ?"

"ಮರಿ ವಿಷಯ. ಬೆಳಗ್ಗೆ ಕೇಳಿಸ್ಕೊಂಡೆ."

ಅವಳ ಮುಖ ಸಪ್ಪಗಾಯಿತು. ಬ್ಯಾಗಿನಿಂದ ಒಂದು ಚಿತ್ರ ತೆಗೆದು ಮೇಜಿನ ಮೇಲಿಟ್ಟಳು. ಕಪ್ಪು ಹಾಳೆ, ನಡುವೆ ಬೂದುಬಣ್ಣದ ಮಬ್ಬು. "ಆಗ್ಲೇ ಸ್ಕ್ಯಾನೂ ಆಯ್ತಾ?" ಎಂದು ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ತಲೆ ಎಲ್ಲಿ, ಕಾಲೆಲ್ಲಿ ಎಂದು ಹುಡುಕತೊಡಗಿದ.

"ಸ್ಕ್ಯಾನ್ ಅಲ್ಲ ಕಣ್ರೀ. ನಕ್ಷತ್ರ. ನಮ್ಮ ವೀಕ್ಷಣಾಲಯದ ದೂರದರ್ಶಕದಲ್ಲಿ ತೆಗೆದಿದ್ದು. ಹತ್ತು ಸೂರ್ಯರಷ್ಟು ತೂಕ ಇದಕ್ಕೆ. ಸುತ್ತ ತಟ್ಟೆ ಥರ ಇದೆಯಲ್ಲ, ಅದು ಧೂಳು. ಆ ಧೂಳೇ ಉಂಡೆ ಕಟ್ಟಿ ಗ್ರಹ ಆಗೋದು. ಖಚಿತ ಆಗೋ ತನಕ ಗ್ರಹ ಅನ್ನೋ ಹಾಗಿಲ್ಲ ನೋಡಿ, ಅದಕ್ಕೆ ನಾವು ನಾವೇ ಮರಿ ಅಂತೀವಿ."

ಆ ಪದವನ್ನು ಅವಳು ಇವತ್ತಿನ ತನಕ ಮನೆಗೆ ತಂದಿರಲಿಲ್ಲ. ಮಕ್ಕಳಾಗಲ್ಲವೆಂದು ಡಾಕ್ಟರು ಕೈಚೆಲ್ಲಿದ ಮೇಲೆ ಅಂಥ ಪದಗಳಿಗೆ ಈ ಮನೆಯಲ್ಲಿ ಜಾಗವಿರಲಿಲ್ಲ. "ನಂಗೇನೂ ಆಸೆ ಇಲ್ಲ, ನೀನಿದ್ರೆ ಸಾಕು" ಎಂದು ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಹೇಳಿದವನು ಅವನೇ. ಅವಳು ನಂಬಿದ್ದಳು.

"ಓ, ಹಾಗಾ!" ಎಂದು ನಗಲು ನೋಡಿದ. "ಒಳ್ಳೇದೇ ಆಯ್ತು ಬಿಡು. ಪ್ರಮೋಷನ್ ಕೊಡ್ತಾರಾ?"

"ಅಷ್ಟೊಂದು ಆಸೆ ಇತ್ತಾ ನಿಮಗೆ?"

ಇತ್ತು. ಬಸ್ಸಿನಲ್ಲಿ ಯಾರ ಮಗು ಅತ್ತರೂ ಅವನ ಕಣ್ಣು ಕನ್ನಡಿಗೆ ಹೋಗುತ್ತಿತ್ತು. ಬಾಯಿಬಿಟ್ಟು ಹೇಳಿದರೆ ಅವಳ ತಲೆಗೆ ತಪ್ಪು ಕಟ್ಟಿದ ಹಾಗಾಗುತ್ತದೆಂದು ಇಷ್ಟು ವರ್ಷ ನುಂಗಿಕೊಂಡಿದ್ದ. ಈಗ ಒಂದು ಬಲ್ಬು ಎಲ್ಲವನ್ನೂ ಬಯಲಿಗೆ ಎಳೆದಿತ್ತು. ಅವಳ ಕಡೆ ನೋಡಲಾರದೆ ಚಿತ್ರದ ಮೇಲೆ ಬಗ್ಗಿದ.

"ಇದರಲ್ಲಿ ಮರಿ ಎಲ್ಲಿದೆ?"

"ಧೂಳಿನ ಮಧ್ಯೆ ಇಲ್ಲೊಂದು ಖಾಲಿ ಗೆರೆ ಇದೆ ನೋಡಿ. ಏನೋ ಒಂದು ಸುತ್ತುತ್ತಾ ಸುತ್ತುತ್ತಾ ಜಾಗ ಮಾಡ್ಕೊಂಡಿದೆ." ಅವಳು ಉಗುರಿನಿಂದ ಗೆರೆ ತೋರಿಸಿದಳು. "ಇಂಥ ದೊಡ್ಡ ನಕ್ಷತ್ರದ ಝಳಕ್ಕೆ ಧೂಳೇ ಉಳಿಯಲ್ಲ. ಇದಕ್ಕೆ ಮರಿ ಆಗೋದೇ ಇಲ್ಲ ಅಂತ ತಿಳಿದೋರೆಲ್ಲ ಬರೆದಿಟ್ಟಿದ್ರು."

ಅವನು ಆ ಖಾಲಿ ಗೆರೆಯ ಮೇಲೆ ಬೆರಳಿಟ್ಟು ಒಂದು ಸುತ್ತು ಸವರಿದ. ಆಮೇಲೆ ಮೆಲ್ಲಗೆ ಕೇಳಿದ:

"ಪಾಪ, ಮರಿ ಆಗಲ್ಲ ಅಂತ ಈ ನಕ್ಷತ್ರಕ್ಕೆ ಯಾರೂ ಹೇಳಿರ್ಲಿಲ್ವಾ?"