ಸೊನ್ನೆ ನಿಮಿಷ

"ನಿಮ್ಮ ಮಗಳು ಹನ್ನೊಂದು ಗಂಟೆ ಹದಿನಾಲ್ಕು ನಿಮಿಷಕ್ಕೆ ಬಾಲಕಿಯರ ಶೌಚಾಲಯವನ್ನು ಪ್ರವೇಶಿಸಿದ್ದಾಳೆ" ಎಂದು ಕನ್ನಡಿಯ ಪಕ್ಕದಲ್ಲಿದ್ದ ಫೋನು ಗಟ್ಟಿಯಾಗಿ ಹೇಳಿತು. ಕ್ಷೌರಿಕ ಕತ್ತಿಯನ್ನು ನಿವೃತ್ತ ಸ್ಟೇಷನ್ ಮಾಸ್ಟರರ ಗಂಟಲಿನಿಂದ ಒಂದು ಬೆರಳಿನಷ್ಟು ದೂರ ಹಿಡಿದು ಕೇಳಿಸಿಕೊಂಡ. ಬೆಂಚಿನ ಮೇಲೆ ಕಾದು ಕೂತಿದ್ದ ಮೂವರೂ ಕೇಳಿಸಿಕೊಂಡರು.

"ನಿನ್ನೆ ಹತ್ತೂ ನಲವತ್ತಕ್ಕೇ ಹೋಗಿದ್ಲಲ್ಲ?" ಎಂದರು ಮಾಸ್ಟರು, ನೊರೆಯೊಳಗಿನಿಂದಲೇ.

"ಇವತ್ತು ಸ್ವಲ್ಪ ತಡ, ಸಾರ್."

ಶಾಲೆಯವರು ಮಕ್ಕಳ ಕೊರಳಿಗೆಲ್ಲ ಒಂದೊಂದು ಕಾರ್ಡು ಹಾಕಿ, ಬಾಗಿಲು ಬಾಗಿಲಿಗೂ ಯಂತ್ರ ಕೂರಿಸಿದ್ದರು. ಮಗು ಯಾವ ಹೊಸ್ತಿಲು ದಾಟಿದರೂ ಮನೆಗೆ ಸಂದೇಶ. ತಾಯಿ ಕೆಲಸ ಮಾಡುವ ಹೊಲಿಗೆ ಕಾರ್ಖಾನೆಯಲ್ಲಿ ಫೋನನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕಾದ್ದರಿಂದ ಸಂದೇಶವೆಲ್ಲ ತಂದೆಗೆ. ತಂದೆಯ ಕೈಯಲ್ಲಿ ಸದಾ ಸೋಪು, ಇಲ್ಲವೇ ಕತ್ತಿ. ಪಕ್ಕದ ಮೊಬೈಲ್ ಅಂಗಡಿಯವನು ಫೋನೇ ಓದಿ ಹೇಳುವಂತೆ ಮಾಡಿಕೊಟ್ಟಿದ್ದ. ಲಾರಿಗಳು ನುಗ್ಗುವ ರಸ್ತೆಯನ್ನು ಎಂಟನೇ ಕ್ಲಾಸಿನ ಮಗಳು ದಿನಾ ಒಬ್ಬಳೇ ದಾಟಬೇಕು. ಅವಳು ಎಲ್ಲಿದ್ದಾಳೆಂದು ಗಳಿಗೆಗಳಿಗೆಗೂ ತಿಳಿಯುತ್ತಿದ್ದುದರಿಂದ ಅವನು ನಿಶ್ಚಿಂತೆಯಿಂದ ಕತ್ತಿ ಆಡಿಸುತ್ತಿದ್ದ.

ಮಾಸ್ಟರರ ಗಡ್ಡ ಮುಗಿದು ಮೀಸೆಗೆ ಬರುವ ಹೊತ್ತಿಗೆ ಫೋನು ಮತ್ತೆ ಬಾಯಿ ತೆರೆಯಿತು. ಹನ್ನೊಂದು ಮೂವತ್ತೆರಡಕ್ಕೆ ಹೊರಬಂದಿದ್ದಾಳೆ. ಒಟ್ಟು ಹದಿನೆಂಟು ನಿಮಿಷ.

"ಹದಿನೆಂಟು! ಅಷ್ಟು ಹೊತ್ತಲ್ಲಿ ನಾವು ಗಾಡಿಗೆ ಇಂಜಿನ್ನೇ ಬದಲಾಯಿಸಿ ಕಳಿಸ್ತಿದ್ವಿ" ಎಂದರು ಮಾಸ್ಟರು. ಬೆಂಚು ನಕ್ಕಿತು. ಪೇಪರ್ ಅಂಗಡಿಯವರೊಬ್ಬರು ಮಾತ್ರ ನಗದೆ, "ಹೊಟ್ಟೆ ಕೆಟ್ಟಿರಬೇಕು, ಪಾಪ" ಎಂದರು.

ಸಂಜೆ ಮಗಳು ಬಂದವಳು ಹೆಗಲ ಚೀಲವನ್ನೂ ಇಳಿಸದೆ ನಿಂತಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಅಪ್ಪ, ಪೇಪರ್ ಅಂಗಡಿ ಮಾಮ ರಸ್ತೇಲಿ ನಿಲ್ಲಿಸಿ, ಹೊಟ್ಟೆ ಸರಿಹೋಯ್ತೇನಮ್ಮ ಅಂತ ಕೇಳಿದ್ರು."

"ಪಾಪ, ಒಳ್ಳೆ ಮನಸ್ಸಿಂದ ಕೇಳಿರ್ತಾರೆ ಬಿಡು."

"ಕೆಟ್ಟ ಮನಸ್ಸಿಂದ ಕೇಳಿದ್ದಿದ್ರೆ ಬೈದಾದ್ರೂ ಬರಬಹುದಿತ್ತು."

ಕ್ಷೌರಿಕ ತೊಳೆದಿಟ್ಟಿದ್ದ ಬಾಚಣಿಗೆಗಳನ್ನೇ ಇನ್ನೊಮ್ಮೆ ತೊಳೆಯತೊಡಗಿದ.

"ನಂಗೆ ಹೊಟ್ಟೆ ಕೆಟ್ಟಿರಲಿಲ್ಲ, ಅಪ್ಪ" ಎಂದಳು. ಇನ್ನೇನೋ ಹೇಳುವವಳಿದ್ದಳು, ಹೇಳಲಿಲ್ಲ. ತಿಂಗಳ ಮುಟ್ಟಿನ ದಿನವೆಂದು ಅವನಿಗೆ ಅರ್ಥವಾಯಿತು. ನಾಚಿಕೆಯಿಂದ ಮಗಳ ಮುಖ ನೋಡಲಾಗದೆ, ಬಾಚಣಿಗೆಗೆ ಹೇಳುವವನಂತೆ, "ನಾಳೇನೇ ಅದರ ಬಾಯಿ ಮುಚ್ಚಿಸ್ತೀನಿ" ಎಂದ.

ಮರುದಿನ ಮೊಬೈಲ್ ಅಂಗಡಿ ಮುಚ್ಚಿತ್ತು. ಅದರ ಮರುದಿನ ಗಿರಾಕಿಗಳು ಹೆಚ್ಚು. ಮೂರನೆಯ ದಿನದ ಹೊತ್ತಿಗೆ ಬಾಯಿ ಮುಚ್ಚಿಸುವ ಅಗತ್ಯವೇ ಕಾಣಲಿಲ್ಲ. ಫೋನು ಗೇಟು, ತರಗತಿ, ಲೈಬ್ರರಿ, ಮತ್ತೆ ಗೇಟು ಎಂದಷ್ಟೇ ಹೇಳುತ್ತಿತ್ತು. ಶಾಲೆಯವರಿಗೇ ಬುದ್ಧಿ ಬಂದು ಶೌಚಾಲಯದ ಯಂತ್ರ ಕಿತ್ತಿರಬೇಕೆಂದು ಅವನು ಸಮಾಧಾನಪಟ್ಟುಕೊಂಡ. ಬೆಂಚಿಗೆ ಮಾತ್ರ ಸ್ವಲ್ಪ ಬೇಜಾರಾಯಿತು.

ಎರಡು ವಾರ ಕಳೆದು ಒಂದು ಸಂಜೆ ಮಾಸ್ಟರು ತಲೆಗೂದಲು ಕತ್ತರಿಸಿಕೊಳ್ಳಲು ಬಂದರು. ಅವನು ಅವರ ನೆತ್ತಿಗೆ ನೀರು ಚಿಮುಕಿಸುತ್ತಿದ್ದಾಗ ಫೋನು, "ಅಭಿನಂದನೆಗಳು. ಈ ಹದಿನೈದು ದಿನಗಳಲ್ಲಿ ನಿಮ್ಮ ಮಗಳ ಶೌಚಾಲಯ ಬಳಕೆ ಸೊನ್ನೆ ನಿಮಿಷ. ಶಿಸ್ತಿನ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಆಕೆಯ ಹೆಸರು ಸೇರಿದೆ" ಎಂದಿತು.

"ಭೇಷ್! ಎಲ್ಲೂ ನಿಲ್ಲದ ಗಾಡಿ" ಎಂದರು ಮಾಸ್ಟರು. ಬೆಂಚಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಕ್ಷೌರಿಕ ಕೈಯಲ್ಲಿದ್ದ ಸ್ಪ್ರೇ ಡಬ್ಬಿಯನ್ನೇ ನೋಡುತ್ತಾ ನಿಂತ. ಎರಡು ವಾರದಿಂದ ಅದಕ್ಕೆ ಅವನು ತುಂಬುತ್ತಿದ್ದದ್ದು ಮಗಳ ಬಾಟಲಿಯ ನೀರು. ಅವಳಮ್ಮ ಬೆಳಿಗ್ಗೆ ಕುತ್ತಿಗೆಮಟ್ಟ ತುಂಬಿಸಿ ಕಳಿಸಿದ ಬಾಟಲಿ ಸಂಜೆ ಕುತ್ತಿಗೆಮಟ್ಟವೇ ವಾಪಸಾಗುತ್ತಿತ್ತು. ನಲ್ಲಿಯ ತನಕ ಹೋಗುವುದು ತಪ್ಪಿತಲ್ಲ ಎಂದು ಅವನು ಖುಷಿಪಟ್ಟಿದ್ದ. ಮಗಳು ಕುಡಿಯದೆ ಉಳಿಸಿದ ನೀರಿನಲ್ಲಿ ಊರಿನ ತಲೆಯೆಲ್ಲ ನೆನೆಸಿದ್ದ. ಡಬ್ಬಿಯನ್ನು ಕೆಳಗಿಟ್ಟು, ಫೋನಿನ ಪಕ್ಕದ ಗುಂಡಿಯನ್ನು ಒತ್ತಿಹಿಡಿದು ಆರಿಸಿಬಿಟ್ಟ. ಅದಕ್ಕೆ ಮೊಬೈಲ್ ಅಂಗಡಿಯವನೇನೂ ಬೇಕಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಮಗಳು ಬಂದಳು. ಯಾರ ಮುಖವನ್ನೂ ನೋಡದೆ, ಚೀಲವನ್ನು ಬಾಗಿಲಲ್ಲೇ ಬಿಸಾಕಿ, ಪರದೆ ಸರಿಸಿಕೊಂಡು ಅಂಗಡಿಯ ಹಿಂದಿದ್ದ ಮನೆಗೆ ಓಡಿದಳು. ಬಚ್ಚಲಿನ ಚಿಲಕ ಬಿತ್ತು. ಹೊರಗೆ ಯಾರಿಗೂ ಏನೂ ಕೇಳಿಸದ ಹಾಗೆ ನಲ್ಲಿಯನ್ನು ಜೋರಾಗಿ ತಿರುಗಿಸಿದಳು.

ಮಾಸ್ಟರರ ಎಡಗೈ ಬಿಳಿ ಬಟ್ಟೆಯ ಅಡಿಯಿಂದ ಹೊರಬಂತು. ಅವರು ಕೈಗಡಿಯಾರ ನೋಡಿದರು.

"ಕೈ ಒಳಗಿಡಿ, ಸಾರ್."

ಇಪ್ಪತ್ತು ವರ್ಷದಲ್ಲಿ ಅವನು ಅವರೊಡನೆ ಆ ದನಿಯಲ್ಲಿ ಮಾತಾಡಿರಲಿಲ್ಲ. ಮಾಸ್ಟರು ಕೈ ಒಳಗೆಳೆದುಕೊಂಡರು. ಕ್ಷೌರಿಕ ಬಟ್ಟೆಯನ್ನು ಅವರ ಮಣಿಕಟ್ಟಿನ ಮೇಲೆ ಸರಿಯಾಗಿ ಹೊದಿಸಿ, ಕತ್ತರಿ ಎತ್ತಿಕೊಂಡು ಕೆಲಸ ಶುರುಮಾಡಿದ. ಒಳಗೆ ನಲ್ಲಿ ಸುರಿಯುತ್ತಲೇ ಇತ್ತು. ತಾನು ಮನಸ್ಸಿನಲ್ಲೇ ಎಣಿಸುತ್ತಿದ್ದೇನೆಂದು ಅವನಿಗೆ ತಿಳಿದದ್ದು ಲೆಕ್ಕ ನಲವತ್ತಮೂರಕ್ಕೆ ಬಂದಾಗ.