ಹುಟ್ಟೇ ಇಲ್ಲದ ಮಗುವಿನ ನಾಮಕರಣ

ಊರಿನ ನೆನಪನ್ನೆಲ್ಲ ಕೆರೆ ಕಾಯುತ್ತಿದ್ದ, ಮನೆಗೊಂದು ತಗಡಿನ ಗಿಣಿ ಇದ್ದ ಕಾಲದ ಮಾತು. ಯಾರ ವಿಷಯ ಬೇಕಾದರೂ ಗಿಣಿ ತಂತಿಯ ಮೂಲಕ ಕೆರೆಯನ್ನು ಕೇಳಿ ಹೇಳಬೇಕು. ಮಗುವಿನ ಹೆಸರನ್ನು ಕೆರೆಗೆ ಮುಟ್ಟಿಸುವುದೂ ಅದೇ.

ಪುಟ್ಟತಾಯಮ್ಮನವರ ಮೊಮ್ಮಗಳಿಗೆ ಅಂದು ನಾಮಕರಣ. ತೊಟ್ಟಿಲು ಸಿಂಗಾರವಾಗಿತ್ತು, ನೆಂಟರೂ ಸೇರಿದ್ದರು. ಗಿಣಿ ಮಾತ್ರ ಒಂದೇ ಪಟ್ಟು ಹಿಡಿದಿತ್ತು: "ಈ ಮನೆಯಲ್ಲಿ ಮಗು ಹುಟ್ಟಿಲ್ಲ."

"ಹುಟ್ಟದೇ ಇರೋದು ನನ್ನ ಸೀರೆ ಒದ್ದೆ ಮಾಡತ್ತೇನೋ, ಮುಂಡೇದೇ!" ಪುಟ್ಟತಾಯಮ್ಮ ಗಿಣಿಯ ಮೇಲೆ ಹರಿಹಾಯ್ದರು. "ವಾರಿಜಾ, ಮುಹೂರ್ತದೊಳಗೆ ಸರಿಮಾಡ್ತೀನಿ ಅಂದಿದ್ದೆ ಕಣೇ!"

"ಮಾಡೇ ಇಳೀತೀನಿ ಅಜ್ಜಿ," ಎಂದಳು ಏಣಿಯ ಮೇಲಿದ್ದ ಗಿಣಿ ರಿಪೇರಿಯ ವಾರಿಜಾ. ಬೆಳಗಿನಿಂದ ಎರಡು ಸಲ ತಂತಿ ಬದಲಿಸಿದ್ದಳು. ಈಗ ಗಿಣಿಯ ಹೊಟ್ಟೆಯನ್ನೇ ಬಿಚ್ಚಿದಳು. ಒಳಗೊಂದು ಪುಟ್ಟ ಸ್ಲೇಟು! ಹನ್ನೊಂದು ವರ್ಷದ ಹಿಂದೆ, ಈ ಮನೆಗೆ ಬಂದ ದಿನ, ಕೆರೆ ಹೇಳಿದ್ದನ್ನೆಲ್ಲ ಆ ಸೋಮಾರಿ ಗಿಣಿ ಅದರಲ್ಲಿ ಬರೆದಿಟ್ಟುಕೊಂಡಿತ್ತು. ಆಮೇಲೆ ಕೆರೆಯನ್ನು ಕೇಳಿಯೇ ಇಲ್ಲ. ಸ್ಲೇಟು ನೋಡಿ ಒಪ್ಪಿಸುತ್ತಿತ್ತು.

"ಅಳಿಸಿಬಿಡೇ!"

"ಅಳಿಸಿದ್ರೆ ಮತ್ತೆ ಬರ್ಕೊಳ್ಳತ್ತೆ ಅಜ್ಜಿ. ಸ್ಲೇಟನ್ನೇ ಕೀಳ್ಬೇಕು."

ಕಿತ್ತಳು. ಗಿಣಿ ಕಕ್ಕಾಬಿಕ್ಕಿಯಾಗಿ ಕಣ್ಣು ಪಿಳುಕಿಸಿತು; ತಂತಿ ಝುಮ್ಮೆಂದಿತು. "ಮಗು ಹುಟ್ಟಿ ಮೂರು ತಿಂಗಳು. ಪುಟ್ಟತಾಯಮ್ಮನವರಿಗೆ ಎಪ್ಪತ್ತೊಂದು."

ನೆಂಟರೆಲ್ಲ ತಿರುಗಿ ನೋಡಿದರು. "ಅರವತ್ತು ಅಂತಿತ್ತಲ್ಲೇ ನಿನ್ನೆವರೆಗೂ!" ಅಜ್ಜಿ ವಾರಿಜಾಳ ಸೆರಗು ಜಗ್ಗಿದರು. "ಆ ಸ್ಲೇಟು ವಾಪಸ್ ಇಡೇ."

"ಹಾಗಾದ್ರೆ ಮಗು?"

ಅಜ್ಜಿಯ ತೋಳಿನಲ್ಲಿದ್ದ ಮಗು ಬೊಚ್ಚುಬಾಯಿ ತೆರೆದು ನಕ್ಕಿತು. ಅಜ್ಜಿ ನಿಟ್ಟುಸಿರಿಟ್ಟು, ಹನ್ನೊಂದು ವರ್ಷವನ್ನು ಒಟ್ಟಿಗೇ ಹೊತ್ತುಕೊಂಡು, ವಾರಿಜಾ ಮೇಲಿನಿಂದ ಬಗ್ಗಿಸಿ ಹಿಡಿದ ಗಿಣಿಯ ಕಿವಿಯಲ್ಲಿ ಮೊಮ್ಮಗಳ ಹೆಸರು ಹೇಳಿದರು. ಅತ್ತ ಕೆರೆಯಲ್ಲಿ ಒಂದು ಅಲೆ ಎದ್ದಿತು. ಇತ್ತ ವಾರಿಜಾ ಏಣಿ ಇಳಿದಳು.