ಬಾವಿಯ ಘಮ

ಸಣ್ಣತಿಮ್ಮಯ್ಯ ಒಂದು ಕೈಯಲ್ಲಿ ಹೊಟ್ಟೆ, ಇನ್ನೊಂದು ಕೈಯಲ್ಲಿ ಚೊಂಬು ಹಿಡಿದು ಹಿತ್ತಿಲಿನ ತೆಂಗಿನ ಚಿಪ್ಪಿನ ಗುಡ್ಡೆಯ ಹಿಂದೆ ಅಡಗಿ ಕೂತಿದ್ದ. ಇವತ್ತು ಸೊಸೆಯನ್ನು ಹಿಡಿದೇ ತೀರಬೇಕು. ಸಿಕ್ಕಿಬಿದ್ದರೆ ಮಧ್ಯಾಹ್ನದ ಬಸ್ಸಿಗೇ ಬಿಳಿಗೆರೆಯ ತವರಿಗೆ ಸಾಗಹಾಕುವುದೆಂದು ಮಗನಿಗೂ ಹೇಳಿಯಾಗಿತ್ತು.

ಅಡಗಲು ಗುಡ್ಡೆ ಹೇಳಿ ಮಾಡಿಸಿದಂತಿತ್ತು. ಹೆಂಡತಿ ಅಂಕಮ್ಮ ಮನೆಯಲ್ಲಿದ್ದಾಗ ಮೊಣಕಾಲು ದಾಟದ್ದು, ಅವಳು ತಂಗಿಯ ಆಪರೇಷನ್ನಿಗೆಂದು ತುರುವೇಕೆರೆಗೆ ಹೋದ ಒಂದು ತಿಂಗಳಲ್ಲಿ ಎದೆಮಟ್ಟ ಬೆಳೆದಿತ್ತು.

ಅದೇ ತಿಂಗಳಲ್ಲಿ ಅವನ ಹೊಟ್ಟೆಯೂ ಕೆಟ್ಟಿದ್ದು. ತಿಪಟೂರಿನ ಡಾಕ್ಟರು ಮಲಪರೀಕ್ಷೆ ಮಾಡಿಸಿ, “ಅಮೀಬಾ ಕಣ್ರೀ, ನೀರಿಂದ ಬಂದಿದೆ. ಕಾಯಿಸಿ ಕುಡೀರಿ” ಅಂದರು.

“ಕಾಯಿಸಿದ ನೀರು ಕುಡಿಯೋಕೆ ನಾನೇನು ಬಾಣಂತಿನಾ ಸ್ವಾಮಿ?” ಅಂದವನೇ ಎದ್ದು ಬಂದಿದ್ದ.

ಅವನ ಬಾವಿ ನೀರಿಗೆ ಒಂದು ಘಮವಿದೆ, ಊರಲ್ಲಿ ಇನ್ಯಾರ ಬಾವಿಗೂ ಇಲ್ಲದ್ದು. ಮದುವೆಯಾದ ಮೂವತ್ತು ವರ್ಷದಲ್ಲಿ ಅದನ್ನೇ ಕುಡಿದು ಕಲ್ಲು ತಿಂದರೂ ಅರಗಿಸಿಕೊಂಡವನು. ಈಗ ತಿಂಗಳಿಂದ ಬಿಂದಿಗೆ ನೀರಲ್ಲಿ ಆ ಘಮವೇ ಇಲ್ಲ. ಅಂದಮೇಲೆ ಇನ್ನೇನು, ಸೊಸೆ ನಿರ್ಮಲಾ ಸೇದಲಾರದ ಸೋಮಾರಿತನಕ್ಕೆ ಬೀದಿ ನಲ್ಲಿ ನೀರು ತುಂಬಿ ಮಾವನಿಗೆ ಕುಡಿಸುತ್ತಿದ್ದಾಳೆ. ಅವಳಿಗೂ ಅವಳ ಗಂಡನಿಗೂ ಮಾತ್ರ ಪೇಟೆಯಿಂದ ಕ್ಯಾನ್ ನೀರು ಬರುತ್ತದೆ.

ನಿರ್ಮಲಾ ಬಂದಳು. ಬಿಂದಿಗೆ ತೊಳೆದಳು. ಹಗ್ಗ ಬಿಟ್ಟು ಬಾವಿಯಿಂದಲೇ ಸೇದಿದಳು. ಬಟ್ಟೆ ಕಟ್ಟಿ ಸೋಸಿ ತುಂಬಿದಳು. ಸಣ್ಣತಿಮ್ಮಯ್ಯ ಕಣ್ಣುಜ್ಜಿಕೊಂಡ. ನಿಜ ಹೇಳಬೇಕೆಂದರೆ ಅವನಿಗೆ ಬೇಜಾರೇ ಆಯಿತು.

ಅಷ್ಟರಲ್ಲಿ ಬಸ್ಸಿಳಿದ ಅಂಕಮ್ಮ ಬ್ಯಾಗು ಸಮೇತ ಹಿತ್ತಿಲಿಗೇ ಬಂದಳು. ಮೊದಲು ನೋಡಿದ್ದು ಗುಡ್ಡೆಯನ್ನು. ಅವನು ಇನ್ನಷ್ಟು ಮುದುಡಿಕೊಂಡ.

“ಇದ್ಯಾಕವ್ವ, ಚಿಪ್ಪು ಇಷ್ಟೊಂದು ಮಿಕ್ಕವೆ? ನಿಮ್ಮ ಮಾವನಿಗೆ ಕುಡಿಯೋ ನೀರು ಕಾಯಿಸ್ತಿಲ್ವಾ?”

“ಕಾಯಿಸಿದ್ದು ಮಾವ ಮುಟ್ಟಲ್ವಲ್ಲ ಅತ್ತೆ?”

“ಅಯ್ಯೋ, ನಿಂಗೆ ಹೇಳೋದೇ ಮರ್ತೆ ಕಣವ್ವ.” ಅಂಕಮ್ಮ ದನಿ ತಗ್ಗಿಸಿದಳು. “ಈ ಮನೆಗೆ ಬಂದಾಗ್ಲಿಂದ ಅವ್ರು ತೋಟಕ್ಕೆ ಹೋದ್ಮೇಲೆ ಚಿಪ್ಪಿನ ಬೆಂಕೀಲಿ ಕಾಯ್ಸಿ, ಆರ್ಸಿ ಬಿಂದಿಗೆಗೆ ತುಂಬ್ತೀನಿ; ಅವ್ರು ಆ ಹೊಗೆ ವಾಸನೇನೇ ಬಾವಿ ಘಮ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಾರೆ.”